ಕಾರ್ಡ್ ಯಾವ ಕಡೆಯಿಂದ ತೆರೆಯಬೇಕು?



ಕಳೆದ ಈದ್ ಆದ ಮೇಲೆ ನಮ್ಮ ತರಗತಿಯಲ್ಲಿ ನಾಲ್ಕೈದು ಜನ ಒಂದೇ ಪ್ರಶ್ನೆ ಕೇಳಿದರು: "ಆ ಕಾರ್ಡ್ ಯಾವ ಅಂಗಡಿಯಲ್ಲಿ ತಗೊಂಡೆ?" ತಗೊಂಡಿದ್ದಲ್ಲ, ಮನೆಯಲ್ಲೇ ಮಾಡಿದ್ದು ಎಂದೆ. ಕೂಡಲೇ ಮುಂದಿನ ಪ್ರಶ್ನೆ, "ಹೇಗೆ?" ಊಟದ ಬಿಡುವಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಈ ಲೇಖನ.

ಶುಭಾಶಯ ಪತ್ರ ಮಾಡುವುದನ್ನು ತೋರಿಸುವ ವಿಡಿಯೋಗಳು ಫೋನಿನಲ್ಲಿ ಬೇಕಾದಷ್ಟಿವೆ. ಹೇಗೆ ಕತ್ತರಿಸಬೇಕು, ಹೇಗೆ ಅಂಟಿಸಬೇಕು ಎಂಬುದನ್ನು ಅವು ನನಗಿಂತ ಚೆನ್ನಾಗಿ ಕಲಿಸುತ್ತವೆ. ಆದರೆ ನಾನು ನೋಡಿದ ಯಾವ ವಿಡಿಯೋದಲ್ಲೂ ಒಂದು ಪ್ರಶ್ನೆ ಬರಲಿಲ್ಲ: ಈ ಕಾರ್ಡನ್ನು ತೆರೆಯುವವರು ಯಾರು? ಅವರು ಯಾವ ಲಿಪಿ ಓದುತ್ತಾರೆ? ಕಣ್ಣು ಎಷ್ಟು ಕಾಣುತ್ತದೆ? ಕೈಗೆ ಕೊಡುತ್ತೀರಾ, ಅಂಚೆಗೆ ಹಾಕುತ್ತೀರಾ? ನಾನು ಎರಡು ವರ್ಷದಿಂದ ಕಾರ್ಡ್ ಮಾಡುತ್ತಿದ್ದೇನೆ. ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಕಾಗದ, ಮಡಿಕೆ, ಬಣ್ಣ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಕೆಲಸವೇ ಇರುವುದಿಲ್ಲ.

ಮೊದಲು ಮಡಿಕೆಯ ವಿಷಯ. ನಮ್ಮ ಮನೆ ಚಾಮರಾಜಪೇಟೆಯಲ್ಲಿದೆ. ಮನೆಯೊಳಗೆ ದಖನಿ, ಮೆಟ್ಟಿಲಿಳಿದರೆ ಕನ್ನಡ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್. ನನ್ನ ಕಾರ್ಡುಗಳೂ ಈ ಮೂರು ದಾರಿಯಲ್ಲೇ ಹೋಗುತ್ತವೆ. ನಾನಿಗೆ ಉರ್ದು. ಕೆಳಗಿನ ಮನೆಯ ಅಜ್ಜಿಗೆ ಕನ್ನಡ. ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಮೇಲೆ ಬರುತ್ತದೆ, ಈದಿಗೆ ನಮ್ಮ ಮನೆಯಿಂದ ಶೀರ್ ಖುರ್ಮಾ ಕೆಳಗೆ ಇಳಿಯುತ್ತದೆ. ಶಾರ್ಜಾದಲ್ಲಿರುವ ಮಾಮುವಿನ ಮಕ್ಕಳಿಗೆ ಇಂಗ್ಲಿಷ್, ಏಕೆಂದರೆ ಅವರಿಗೆ ಬೇರೆ ಎರಡೂ ಓದಲು ಬರುವುದಿಲ್ಲ.

ಕನ್ನಡ ಎಡದಿಂದ ಬಲಕ್ಕೆ ಓಡುವ ಲಿಪಿ. ಆದ್ದರಿಂದ ಕಾರ್ಡಿನ ಮಡಿಕೆ ಎಡಕ್ಕಿರಬೇಕು, ನಮ್ಮ ಪಠ್ಯಪುಸ್ತಕದ ಬೆನ್ನಿನ ಹಾಗೆ. ಉರ್ದು ಬಲದಿಂದ ಎಡಕ್ಕೆ. ಅದರ ಮಡಿಕೆ ಬಲಕ್ಕಿರಬೇಕು, ಉರ್ದು ಪುಸ್ತಕದ ಬೆನ್ನಿನ ಹಾಗೆ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಅಂಗಡಿಯಲ್ಲಿ 'ಈದ್ ಮುಬಾರಕ್' ಎಂದು ಉರ್ದುವಿನಲ್ಲಿ ಅಚ್ಚಾಗಿರುವ ಕಾರ್ಡುಗಳನ್ನು ಒಮ್ಮೆ ತೆಗೆದು ನೋಡಿ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಎಡ ಮಡಿಕೆಯವು. ಉರ್ದು ಓದಿ ಬೆಳೆದವರು ಅದನ್ನು ಹಿಡಿದಾಗ ಮೊದಲು ಹಿಂಬದಿಯನ್ನು ತಿರುಗಿಸುತ್ತಾರೆ. ಅಲ್ಲಿ ಬೆಲೆಯ ಚೀಟಿ ಇರುತ್ತದೆ!

ಏನೂ ಬರೆಯದ ಖಾಲಿ ಕಾರ್ಡ್ ಕೊಂಡಿದ್ದರೆ ಉಪಾಯ ಸುಲಭ. ಅದನ್ನು ತಲೆಕೆಳಗು ಮಾಡಿ. ಎಡದ ಮಡಿಕೆ ಬಲಕ್ಕೆ ಬರುತ್ತದೆ. ಒಳಗೆ ಬರೆಯುವಾಗಲೂ ಲೆಕ್ಕ ಕನ್ನಡಿಯಲ್ಲಿ ಕಂಡ ಹಾಗೆ ಬದಲಾಗುತ್ತದೆ. ಕನ್ನಡ ಕಾರ್ಡಿನಲ್ಲಿ ಮುಖ್ಯ ಮಾತು ಒಳಗಿನ ಬಲಪುಟದಲ್ಲಿ, ಉರ್ದು ಕಾರ್ಡಿನಲ್ಲಿ ಒಳಗಿನ ಎಡಪುಟದಲ್ಲಿ. ಎರಡೂ ಭಾಷೆ ಒಂದೇ ಕಾರ್ಡಿನಲ್ಲಿ ಬರಬೇಕಾದರೆ ಮಡಿಕೆಯನ್ನು ತಲೆಯ ಕಡೆ ಇಡಿ. ಗೋಡೆ ಕ್ಯಾಲೆಂಡರಿನ ಹಾಳೆ ಎತ್ತಿದ ಹಾಗೆ ಕಾರ್ಡ್ ಮೇಲಕ್ಕೆ ತೆರೆಯುತ್ತದೆ. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ನಮ್ಮ ಬೀದಿಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮಡಿಕೆ ನನಗೆ ಕಂಡಿಲ್ಲ.

ಅಕ್ಷರಗಳಿಗೆ ಬಿಡುವ ಜಾಗವೂ ಬೇರೆ ಬೇರೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ಹಬ್ಬ' ಎಂದು ಬರೆದರೆ ಬ ಒತ್ತು ಕೆಳಗೆ ನೇತಾಡುತ್ತದೆ. ಹಾಗಾಗಿ ಅಕ್ಷರ 1 ಸೆಂ.ಮೀ. ಎತ್ತರವಿದ್ದರೆ ಕೆಳಗೆ ಇನ್ನೊಂದು ಸೆಂ.ಮೀ. ಬಿಟ್ಟು ಮುಂದಿನ ಸಾಲಿನ ಪೆನ್ಸಿಲ್ ಗೆರೆ ಎಳೆಯಬೇಕು. ಉರ್ದುವಿನ ನಸ್ತಾಲೀಕ್ ಬರಹದಲ್ಲಿ ಪದ ಬಲಗಡೆ ಮೇಲಿಂದ ಶುರುವಾಗಿ ಎಡಗಡೆ ಕೆಳಕ್ಕೆ ಜಾರುತ್ತದೆ. ಅದಕ್ಕೆ ಸಾಲಿನ ಮೇಲೆ ಜಾಗ ಬೇಕು. ಈ ಬರಹದಲ್ಲಿ ಅಕ್ಷರದ ಅಳತೆ ಸ್ಕೇಲಿನಿಂದಲ್ಲ, ಕಲಮಿನ ಮೂತಿಯಿಂದ ಇಟ್ಟ ಚುಕ್ಕೆಯಿಂದ. ಅದಕ್ಕೆ ನುಕ್ತಾ ಎನ್ನುತ್ತಾರೆ. ಯಾವ ಅಕ್ಷರ ಎಷ್ಟು ಚುಕ್ಕೆ ಉದ್ದ ಎಂಬುದು ಕಾತಿಬರಿಗೆ ಬಾಯಿಪಾಠ. ಕಂಪ್ಯೂಟರ್ ಬರುವ ಮೊದಲು ಉರ್ದು ಪತ್ರಿಕೆಗಳನ್ನು ಪೂರ್ತಿ ಕೈಯಲ್ಲೇ ಬರೆದು ಅಚ್ಚಿಗೆ ಕೊಡುತ್ತಿದ್ದರು. ಚೆನ್ನೈಯ 'ದಿ ಮುಸಲ್ಮಾನ್' ಪತ್ರಿಕೆ 1927ರಲ್ಲಿ ಶುರುವಾಯಿತು. ಕಂಪ್ಯೂಟರ್ ಬಂದ ಮೇಲೂ ಅದು ಕೈಬರಹ ಬಿಡಲಿಲ್ಲ, ಹಾಗೆಂದೇ ಹೆಸರಾಯಿತು. ನಮಗೆ ಅಷ್ಟು ಕೈ ಬರಬೇಕಿಲ್ಲ. ಐಸ್‌ಕ್ರೀಂ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ ಇಂಕಿನಲ್ಲಿ ಅದ್ದಿದರೆ ಕಾರ್ಡಿಗೆ ಸಾಕಾಗುವ ಕಲಮು ಆಗುತ್ತದೆ.

ಸ್ವಲ್ಪ ಇತಿಹಾಸ. ಅಚ್ಚಾದ ಕ್ರಿಸ್ಮಸ್ ಕಾರ್ಡನ್ನು ಮಾರಾಟಕ್ಕೆ ಮೊದಲು ತಂದವರು ಲಂಡನ್ನಿನ ಹೆನ್ರಿ ಕೋಲ್, 1843ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಕಾಗದ ಕಳಿಸುವ ಅಂಚೆ ಬಂದಿತ್ತು. ಅಗ್ಗದ ಅಂಚೆ ಇಲ್ಲದಿದ್ದರೆ ಕಾರ್ಡಿಗೆ ದಾರಿಯೇ ಇರುತ್ತಿರಲಿಲ್ಲ. ನಮ್ಮ ದೇಶದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ಬಂದದ್ದು 1879ರಲ್ಲಿ. ರೈಲು, ಅಂಚೆ, ಬಣ್ಣದ ಮುದ್ರಣ ಮೂರೂ ಕೂಡಿದ ಮೇಲೆ, 19ನೇ ಶತಮಾನದ ಕೊನೆಯಿಂದ 20ನೇ ಶತಮಾನದ ಆರಂಭದ ಹೊತ್ತಿಗೆ ಲಾಹೋರ್, ದೆಹಲಿ, ಬಾಂಬೆಗಳಲ್ಲಿ ಈದ್ ಕಾರ್ಡುಗಳು ಹರಡಿದವು. ಕೆಲವು ವ್ಯಾಪಾರಿಗಳು ಯುರೋಪಿನಿಂದ ಬಂದ ಹೂವಿನ, ಮಕ್ಕಳ ಚಿತ್ರದ ಪೋಸ್ಟ್ ಕಾರ್ಡುಗಳ ಮೇಲೆಯೇ ಉರ್ದು ಸಾಲು ಅಚ್ಚು ಹಾಕಿಸಿ ಮಾರುತ್ತಿದ್ದರಂತೆ. ಜಾಣತನವೇ, ಪೋಸ್ಟ್ ಕಾರ್ಡಿಗೆ ಮಡಿಕೆಯ ಜಗಳವಿಲ್ಲ. ಯುನಿಸೆಫ್ ಸಂಸ್ಥೆಯ ಮೊದಲ ಶುಭಾಶಯ ಪತ್ರ 1949ರದು. ಯುದ್ಧ ಮುಗಿದ ಮೇಲೆ ಆಹಾರದ ನೆರವು ಪಡೆದಿದ್ದ ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಬರೆದ ಚಿತ್ರ ಅದು. ಬರೆಯಲು ಕಾಗದ ಸಿಗದೆ ಆಕೆ ಅದನ್ನು ಗಾಜಿನ ಮೇಲೆ ಬರೆದಿದ್ದಳು.

ನಮಗೆ ಆ ಕಷ್ಟವಿಲ್ಲ. ನಗರದ ಪೇಟೆ ಪಕ್ಕದಲ್ಲೇ ಇದೆ. ಕಾಗದಕ್ಕೆ ಸುಲ್ತಾನ್‌ಪೇಟೆ ಮತ್ತು ಅವೆನ್ಯೂ ರಸ್ತೆಯ ಒಳದಾರಿಗಳು, ಲೇಸು, ರಿಬ್ಬನ್, ಮಣಿಗಳಿಗೆ ಮಾಮೂಲ್‌ಪೇಟೆ. ಮಲ್ಲೇಶ್ವರದ ಕಡೆಯಿಂದ ಬರುವವರು ಮೆಟ್ರೋದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಬಂದು ಇಳಿಯಬಹುದು. ಬಸವನಗುಡಿಯವರಿಗೆ ಕೆ.ಆರ್. ಮಾರ್ಕೆಟ್ ಹತ್ತಿರ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಅಂಗಡಿಯಲ್ಲಿ "ಐವರಿ ಶೀಟ್, 250 ಜಿ.ಎಸ್.ಎಂ." ಎಂದು ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿ.ಎಸ್.ಎಂ. ನಮ್ಮ ನೋಟ್‌ಬುಕ್ಕಿನ ಹಾಳೆ ಸುಮಾರು 60, ಜೆರಾಕ್ಸ್ ಹಾಳೆ 70-80. 200ಕ್ಕಿಂತ ಕಡಿಮೆಯಾದರೆ ಕಾರ್ಡ್ ನಿಲ್ಲದೆ ಬಾಗುತ್ತದೆ, 300 ದಾಟಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಬಿರುಕಿಗೆ ಇನ್ನೊಂದು ಕಾರಣವೂ ಇದೆ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ದಿಕ್ಕಿಗೆ ಮಡಿಕೆ ಬರಬೇಕು. ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಮುಗಿದ ಪೆನ್ನುಗಳನ್ನು ಎಸೆಯದೆ ಇಟ್ಟುಕೊಂಡಿದ್ದಕ್ಕೆ ನಮ್ಮ ಅಮ್ಮಿ ನನ್ನನ್ನು ಬೈಯುತ್ತಿದ್ದರು. ಈಗ ಅವರೇ ತಂದು ಕೊಡುತ್ತಾರೆ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರಿಗೆ ಹಳೆಯ ಮದುವೆ ಕಾರ್ಡುಗಳೇ ಗಣಿ. ಚಿನ್ನದ ಬಣ್ಣದ ಅಂಚು, ದಪ್ಪ ಬೋರ್ಡು, ಉಬ್ಬು ಹೂವು, ಎಲ್ಲ ಅದರಲ್ಲೇ ಇರುತ್ತದೆ. ಆದರೆ ಕತ್ತರಿ ಹಾಕುವ ಮೊದಲು ನೋಡಬೇಕಾದದ್ದೊಂದಿದೆ. ನಮ್ಮ ಮನೆಗಳ ಕಾರ್ಡಿನ ನೆತ್ತಿಯಲ್ಲಿ ಬಿಸ್ಮಿಲ್ಲಾ ಇರುತ್ತದೆ ಅಥವಾ 786. ಅಜ್ಜಿ ಕೊಡುವ ಕಾರ್ಡುಗಳಲ್ಲಿ ಗಣಪತಿ, ಮೂಲೆಯಲ್ಲಿ ಅರಿಶಿನ ಕುಂಕುಮ. ನಾನು ಆ ಭಾಗವನ್ನು ಮೊದಲೇ ಸುತ್ತ ಬಿಡಿಸಿ ಬೇರೆ ಇಡುತ್ತೇನೆ. ನಮ್ಮವು ಒಂದು ಡಬ್ಬಿಯಲ್ಲಿ ಸೇರಿ ಮಸೀದಿಯಲ್ಲಿ ಹಳೆಯ ಪವಿತ್ರ ಕಾಗದಗಳನ್ನು ಇಡುವ ಪೆಟ್ಟಿಗೆಗೆ ಹೋಗುತ್ತವೆ. ಅಜ್ಜಿಯವು ಅಜ್ಜಿಗೆ ವಾಪಸ್. ಅವರು ಅದನ್ನು ಗಿಡದ ಬುಡದಲ್ಲಿ ಇಡುತ್ತಾರೆ. ಉಳಿದ ಭಾಗ ನನ್ನದು. ಹೀಗೆ ಮಾಡುತ್ತೇನೆಂದು ಗೊತ್ತಾದ ಮೇಲೆ ಅಜ್ಜಿ ತಮ್ಮ ನೆಂಟರ ಮನೆಗಳಿಂದಲೂ ಕಾರ್ಡುಗಳನ್ನು ಕೂಡಿಸಿ ಕೊಡುತ್ತಿದ್ದಾರೆ. ಹಿಂದೆ ಸಂಕ್ರಾಂತಿಗೆ ಕಾರ್ಡಿನೊಳಗೆ ಪುಟ್ಟ ಪೊಟ್ಟಣದಲ್ಲಿ ನಾಲ್ಕು ಕಾಳು ಕುಸುರೆಳ್ಳು ಇಟ್ಟು ದೂರದ ಊರಿಗೆ ಕಳಿಸುತ್ತಿದ್ದರು ಎಂದು ಹೇಳಿದ್ದೂ ಅವರೇ.

ಈಗ ನನಗೆ ಬಹಳ ಇಷ್ಟವಾದ ಕಾರ್ಡ್. ತೆರೆದರೆ ಕಮಾನುಗಳು ಎದ್ದು ನಿಲ್ಲುವ ಪಾಪ್-ಅಪ್. ಮಾದರಿ ಹುಡುಕಲು ದೂರ ಹೋಗಬೇಕಿಲ್ಲ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ಪಕ್ಕದ ಟಿಪ್ಪು ಸುಲ್ತಾನ್ ಬೇಸಿಗೆ ಅರಮನೆ ಸಾಕು. ಹೈದರ್ ಅಲಿ 1781ರಲ್ಲಿ ಶುರು ಮಾಡಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಕಟ್ಟಡ. ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಅಲೆಯಂಚಿನ ಕಮಾನು. ಒಂದೇ ಆಕಾರ ಸಾಲಾಗಿ ಬರುವುದರಿಂದ ಕತ್ತರಿಗೆ ಹೇಳಿ ಮಾಡಿಸಿದ ವಿನ್ಯಾಸ.

ಎ4 ಐವರಿ ಹಾಳೆಯನ್ನು ಅರ್ಧ ಮಾಡಿ. ಸಿಗುವ ತುಂಡು 21 ಸೆಂ.ಮೀ. ಉದ್ದ, 14.8 ಸೆಂ.ಮೀ. ಅಗಲ. ಉದ್ದವನ್ನು ಮತ್ತೆ ಅರ್ಧಕ್ಕೆ ಮಡಚಿದರೆ ಒಂದೊಂದು ಪುಟ 10.5 ಸೆಂ.ಮೀ. ಆಗುತ್ತದೆ. ಮಡಚಿದಂತೆಯೇ ಇಟ್ಟು, ಮಡಿಕೆಯ ಅಂಚಿನಿಂದ ಒಳಕ್ಕೆ 3 ಸೆಂ.ಮೀ. ಉದ್ದದ ಎರಡು ಸೀಳು ಕೊಡಿ, ಸೀಳುಗಳ ನಡುವೆ 1 ಸೆಂ.ಮೀ. ಅಂತರ. ಇಂಥದ್ದೇ ಇನ್ನೊಂದು ಜೊತೆ, ಮೊದಲ ಪಟ್ಟಿಯ ನಡುವಿನಿಂದ ಇದರ ನಡುವಿಗೆ 4 ಸೆಂ.ಮೀ. ದೂರದಲ್ಲಿ, ಎರಡೂ ಪಟ್ಟಿ ಕಾರ್ಡಿನ ಮಧ್ಯದಿಂದ ಸಮದೂರದಲ್ಲಿರಲಿ. ಪಟ್ಟಿಗಳನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ ಪಳಗಿಸಿ. ಈಗ ಕಾರ್ಡನ್ನು ಅರ್ಧ ತೆರೆದು ಪಟ್ಟಿಗಳನ್ನು ಬೆರಳಿನಿಂದ ಒಳಗೆ ತಳ್ಳಿದರೆ ಎರಡು ಪುಟ್ಟ ಮೆಟ್ಟಿಲುಗಳು ಏಳುತ್ತವೆ. ಪಾಪ್-ಅಪ್ ಕಾರ್ಡಿನ ಗುಟ್ಟೆಲ್ಲ ಈ ಮೆಟ್ಟಿಲಿನಲ್ಲಿದೆ.

ಕಮಾನಿಗೆ ಸ್ವಲ್ಪ ತೆಳ್ಳಗಿನ ಬಣ್ಣದ ಹಾಳೆ ತೆಗೆದುಕೊಳ್ಳಿ: 12 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರ. ಅದನ್ನು ಬೀಸಣಿಗೆಯ ಹಾಗೆ 2 ಸೆಂ.ಮೀ.ನ ಆರು ಮಡಿಕೆಗಳಾಗಿ ಮಡಚಿ. ಮೇಲಿನ ಮಡಿಕೆಯಲ್ಲಿ, ಹಾಳೆಯ ಬಿಡಿ ಅಂಚಿನ ಕಡೆ ಅರ್ಧ ಸೆಂ.ಮೀ. ಅಗಲದ ಅರ್ಧ ಕಂಬ, ಅದರ ಎದುರಿನ ಮಡಿಕೆಯ ಕಡೆ ಕಮಾನಿನ ನೆತ್ತಿ ಬರುವಂತೆ ಅರ್ಧ ಕಮಾನು ಬರೆಯಿರಿ. ಒಮ್ಮೆ ಕತ್ತರಿಸಿ ಬಿಡಿಸಿದರೆ ಮೂರು ಕಮಾನು, ನಡುವೆ ಎರಡು ಪೂರ್ತಿ ಕಂಬ, ಎರಡು ತುದಿಗೆ ಅರ್ಧರ್ಧ ಕಂಬ. ನಡುವಿನ ಆ ಎರಡು ಕಂಬಗಳ ಹಿಂಬದಿಯನ್ನು ಎರಡು ಮೆಟ್ಟಿಲುಗಳ ಎದುರು ಮುಖಕ್ಕೆ ಅಂಟಿಸಬೇಕು, ಬೇರೆಲ್ಲೂ ಗೋಂದು ತಾಗಬಾರದು. ಮೆಟ್ಟಿಲು ಕಂಬದ ಹಿಂದೆ ಅಡಗಿ ಕುಳಿತುಕೊಳ್ಳುತ್ತದೆ.

ಕಮಾನು 7 ಸೆಂ.ಮೀ.ಯೇ ಏಕೆ? ಕಾರ್ಡ್ ಮುಚ್ಚಿದಾಗ ಕಮಾನಿನ ಬುಡ ಮಡಿಕೆಯಿಂದ 3 ಸೆಂ.ಮೀ. ದೂರದಲ್ಲೇ ಇರುತ್ತದೆ, ತಲೆ ಮುಂದಕ್ಕೆ ಮಲಗುತ್ತದೆ. ಅಂದರೆ 3 ಕೂಡಿಸು 7, ಒಟ್ಟು 10. ಪುಟ 10.5. ಅರ್ಧ ಸೆಂ.ಮೀ. ಉಳಿಯಿತು. ಎತ್ತರ 8 ಮಾಡಿದರೆ ಮುಚ್ಚಿದ ಕಾರ್ಡಿನಿಂದ ಕಮಾನಿನ ತಲೆ ಹೊರಗೆ ಇಣುಕುತ್ತದೆ. ಈ ಒಂದು ಕೂಡಿಕೆ ನೆನಪಿದ್ದರೆ ಮಿನಾರು, ಚಂದ್ರ, ಮನೆ, ಮರ, ಏನು ಬೇಕಾದರೂ ನಿಲ್ಲಿಸಬಹುದು. ಜಪಾನಿನ ಮಸಾಹಿರೊ ಚಾತಾನಿ ಎಂಬ ವಾಸ್ತುಶಿಲ್ಪಿ 1980ರ ದಶಕದಲ್ಲಿ ಒಂದೇ ಹಾಳೆಯಲ್ಲಿ ಸೀಳು ಮತ್ತು ಮಡಿಕೆಗಳಿಂದ ಇಡೀ ಕಟ್ಟಡಗಳನ್ನೇ ಎಬ್ಬಿಸಿ ತೋರಿಸಿದರು. ಅವರ ಕೆಲಸದ ಬೇರೂ ಇಂಥ ಸೀಳುಗಳೇ. ಸೀಳಿದ ಜಾಗದಲ್ಲಿ ಹಿಂಬದಿಯಿಂದ ತೂತು ಕಾಣುತ್ತದಲ್ಲ, ಅದನ್ನು ಮುಚ್ಚಲು ಹೊರಗೆ ಇನ್ನೊಂದು ಹಾಳೆ ಅಂಟಿಸಿ. ಮೆಟ್ಟಿಲಿಗೆ ಮಾತ್ರ ಅಂಟು ಹತ್ತದಿರಲಿ.

ಆ ಹೊರಹಾಳೆಗೆ ನಮ್ಮ ಕರ್ನಾಟಕದ್ದೇ ಒಂದು ಅಲಂಕಾರವಿದೆ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತಿಕೊಳ್ಳುವ ಈ ವಿದ್ಯೆಗೆ ಪರ್ಶಿಯನ್ನಿನಲ್ಲಿ ಅಬ್ರಿ ಎಂದು ಹೆಸರು. ಅಬ್ರ್ ಎಂದರೆ ಮೋಡ. 17ನೇ ಶತಮಾನದ ಬಿಜಾಪುರದಲ್ಲಿ, ಆದಿಲ್ ಶಾಹಿಗಳ ಕಾಲದಲ್ಲಿ, ಕಲಾವಿದರು ಅಬ್ರಿ ಕಾಗದವನ್ನು ಬರೀ ಅಂಚಿಗೆ ಬಳಸದೆ ಇಡೀ ಚಿತ್ರವನ್ನೇ ಅದರಲ್ಲಿ ಮೂಡಿಸಿದರು. ಬಡಕಲು ಕುದುರೆ, ಅದರ ಮೈಯೆಲ್ಲ ಅಬ್ರಿಯ ಸುಳಿಗಳು! ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥ ಚಿತ್ರವಿದೆ, ಅಂತರ್ಜಾಲದಲ್ಲಿ ನೋಡಬಹುದು. ಹಳೆಯ ವಿಧಾನಗಳಲ್ಲಿ ನೀರನ್ನು ಮಂದ ಮಾಡಲು ಮೆಂತ್ಯದ ಲೋಳೆಯನ್ನೂ ಬಳಸುತ್ತಿದ್ದರು. ಮನೆಯಲ್ಲಿ ಮಾಡಲು ಹಳೆಯ ತಟ್ಟೆಯಲ್ಲಿ ನೀರು, ಟರ್ಪೆಂಟೈನ್ ಬೆರೆಸಿ ತೆಳ್ಳಗಾದ ಆಯಿಲ್ ಪೇಂಟಿನ ನಾಲ್ಕಾರು ಹನಿ, ಕಡ್ಡಿಯಿಂದ ಒಂದೆರಡು ಸುಳಿ ಸಾಕು. ಹಾಳೆಯನ್ನು ಒಂದು ಅಂಚಿನಿಂದ ನಿಧಾನವಾಗಿ ಮಲಗಿಸಿ, ಎತ್ತಿ, ಒಣಗಿಸಿ. ಕಿಟಕಿ ತೆರೆದಿರಲಿ, ವಾಸನೆ ಜೋರು. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಇಷ್ಟೆಲ್ಲ ಬಣ್ಣ, ಕಮಾನು ಹೇಳಿದೆ. ಆದರೆ ನಾನು ಹೆಚ್ಚು ಹೊತ್ತು ಕೂತು ಮಾಡುವ ಕಾರ್ಡಿನಲ್ಲಿ ಇವು ಯಾವುವೂ ಇಲ್ಲ. ಅದು ನಾನಿಯ ಕಾರ್ಡ್.

ನಾನಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುತ್ತಾ ಹೋಗುವ ಕಾಯಿಲೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ದಿನವೂ ಹಾಕುವ ಹನಿ ಔಷಧಿ ಉಳಿದದ್ದನ್ನು ಉಳಿಸಿಕೊಳ್ಳಲು ಮಾತ್ರ. ಬಲಗಣ್ಣು ಆಗಲೇ ಹೋಗಿದೆ. ಎಡಗಣ್ಣಿನಲ್ಲಿ ನೇರಕ್ಕೆ ಇರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ನನಗೆ ಅಲಿಫ್, ಬೆ ಕಲಿಸಿದವರು ಅವರು. ಈದಿನ ದಿನ ಫೋನಿಗೆ ನೂರಾರು ಚಿತ್ರ ಬರುತ್ತವೆ, ಒಂದೂ ಅವರಿಗೆ ತಲುಪುವುದಿಲ್ಲ. ಅವರಿಗೆ ತಲುಪುವುದು ಕೈಗೆ ಕೊಟ್ಟದ್ದು ಮಾತ್ರ.

ಕಣ್ಣು ಮಂಜಾದವರಿಗೆ ಕಾರ್ಡ್ ಮಾಡುವಾಗ ಚಂದದ ಲೆಕ್ಕ ಬೇರೆ. ಮಿಂಚು ಪುಡಿ, ಹೊಳೆಯುವ ಕಾಗದ ಬೇಡ. ಬೆಳಕು ಬಿದ್ದು ಕಣ್ಣು ಕುಕ್ಕುತ್ತದೆ. ಹೊಳಪಿಲ್ಲದ ತಿಳಿ ಹಳದಿ ಹಾಳೆ, ಮೇಲೆ ದಪ್ಪ ಕಪ್ಪು ಅಕ್ಷರ. ಗುಲಾಬಿಯ ಮೇಲೆ ಕೆಂಪು, ಹಸಿರಿನ ಮೇಲೆ ನೀಲಿ ನಮಗೆ ಮುದ್ದಾಗಿ ಕಾಣುತ್ತದೆ, ಅವರಿಗೆ ಅಲ್ಲಿ ಏನೂ ಇರುವುದಿಲ್ಲ. ಬರಹವೆಲ್ಲ ನಡುವೆ ಗುಂಪಾಗಿರಬೇಕು, ಅಂಚಿನ ತನಕ ಹರಡಬಾರದು. ಮೊದಲ ವರ್ಷದ ಕಾರ್ಡ್ ಹೀಗಿತ್ತು. ನಾನಿ ಅದನ್ನು ಕಿಟಕಿಯ ಹತ್ತಿರ ಹಿಡಿದು ಓದಿದರು.

ಈ ವರ್ಷ ಕಿಟಕಿಯ ಬೆಳಕೂ ಸಾಲದಾಯಿತು. ಹಾಗಾಗಿ ಅಕ್ಷರಗಳನ್ನು ನೂಲಿನಲ್ಲಿ ಎಬ್ಬಿಸಿದೆ. ಸಣ್ಣ ಸೆಣಬಿನ ಹುರಿ ತೆಗೆದುಕೊಂಡು, ಪೆನ್ಸಿಲ್ ಗೆರೆಯ ಮೇಲೆ ಫೆವಿಕಾಲ್ ಸವರಿ, ಹುರಿಯನ್ನು ಅದರ ಮೇಲೆ ಕೂರಿಸುತ್ತಾ ಹೋಗುವುದು. ಉರ್ದು ಇದಕ್ಕೆ ಬಹಳ ಒಗ್ಗುತ್ತದೆ, ಏಕೆಂದರೆ ಅಕ್ಷರಗಳು ಒಂದಕ್ಕೊಂದು ಕೈ ಹಿಡಿದಿರುತ್ತವೆ. 'ಮುಬಾರಕ್' ಪದದಲ್ಲಿ ಮೀಮ್, ಬೆ, ಅಲಿಫ್ ಒಂದೇ ಹುರಿಯಲ್ಲಿ ಬರುತ್ತವೆ. ಅಲಿಫ್ ಮುಂದಿನ ಅಕ್ಷರಕ್ಕೆ ಸೇರುವುದಿಲ್ಲ, ಅಲ್ಲಿ ಹುರಿ ಕತ್ತರಿಸಬೇಕು. ರೆ ಬೇರೆ ತುಂಡು, ಕಾಫ್ ಬೇರೆ ತುಂಡು. ಚುಕ್ಕೆಗಳಿಗೆ ಸಾಸಿವೆ ಕಾಳು: 'ಈದ್' ಪದದ ಯೆಗೆ ಎರಡು, 'ಮುಬಾರಕ್' ಪದದ ಬೆಗೆ ಒಂದು.

ಎಷ್ಟು ಬರೆಯಬೇಕು ಎಂಬುದೂ ಇಲ್ಲಿ ಮುಖ್ಯ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ವಾಲೆಂಟಿನ್ ಹಾವೀ ಎಂಬವರು ಅಂಧ ಮಕ್ಕಳಿಗಾಗಿ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಪುಸ್ತಕ ಮಾಡಿಸಿದರು. ಪುಸ್ತಕ ದಪ್ಪ, ಓದು ನಿಧಾನ. ಮುಂದೆ ಅದೇ ಶಾಲೆಯಲ್ಲಿ ಓದಿದ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿ ಮಾಡಿದ್ದು ಈ ಕಾರಣಕ್ಕೇ. ಬೆರಳಿಗೆ ಗೆರೆಗಿಂತ ಚುಕ್ಕೆ ಬೇಗ ತಿಳಿಯುತ್ತದೆ. ಬ್ರೈಲ್ ಬಗ್ಗೆ ಓದುವಾಗ ನನಗೆ ಒಂದು ವಿಷಯ ಮೋಜೆನಿಸಿತು. ಕಾಗದವನ್ನು ಹಿಂಬದಿಯಿಂದ ಚುಚ್ಚಿ ಬರೆಯುವುದರಿಂದ ಕೈಯಲ್ಲಿ ಬ್ರೈಲ್ ಬರೆಯುವವರು ಬಲದಿಂದ ಎಡಕ್ಕೆ ಬರೆಯುತ್ತಾರೆ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಉರ್ದು ಬ್ರೈಲ್ ಕೂಡ ಓದುವುದು ಎಡದಿಂದ ಬಲಕ್ಕೇ! ಅಂದರೆ ಉರ್ದು ಬ್ರೈಲ್ ಕಾರ್ಡಿಗೆ ಮಡಿಕೆ ಎಡಕ್ಕೆ ಇರಬೇಕು.

ನಾನಿಗೆ 74 ವರ್ಷ. ಈಗ ಬ್ರೈಲ್ ಕಲಿಯುವ ಮಾತು ಬಂದರೆ ನಗುತ್ತಾರೆ. ಅವರ ಬೆರಳಿಗೆ ಗೊತ್ತಿರುವುದು ಚಿಕ್ಕವರಿದ್ದಾಗ ತಖ್ತಿಯ ಮೇಲೆ ತಿದ್ದಿದ ಅಕ್ಷರಗಳು. ಅದಕ್ಕೇ ಎರಡೇ ಪದ, ಒಂದೊಂದು ಅಕ್ಷರವೂ ಒಂದು ಅಂಗುಲಕ್ಕಿಂತ ದೊಡ್ಡದು. ಈದ್ ನಮಾಜ್ ಮುಗಿಸಿ ಅಬ್ಬಾ ಮೈದಾನದಿಂದ ಬಂದ ಮೇಲೆ ಕಾರ್ಡ್ ಕೊಟ್ಟೆ. ನಾನಿ ಕಿಟಕಿಯ ಕಡೆ ಹೋಗಲಿಲ್ಲ. ಕೂತಲ್ಲೇ ಬಲ ಅಂಚು ಹುಡುಕಿ, ತೋರುಬೆರಳಿಟ್ಟು, "ಐನ್" ಎಂದರು. ಎರಡು ಸಾಸಿವೆ ಸಿಕ್ಕಿತು, "ಯೆ". ಆಮೇಲೆ ಸ್ವಲ್ಪ ಹೊತ್ತು ಬೆರಳು ನಿಂತಿತು. "ದಾಲ್ ಮತ್ತು ರೆ ಬೆರಳಿಗೆ ಒಂದೇ ಥರ ಸಿಗುತ್ತವೆ ಬೇಟಾ. ದಾಲ್‌ಗೆ ಮೂಲೆ ಚೂಪಾಗಿರಲಿ, ರೆ ಜಾರಬೇಕು" ಎಂದು ಹೇಳಿ ಮುಂದೆ ಹೋದರು. ತಖ್ತಿ ತಿದ್ದಿಸುವಾಗ ಮಾತಾಡುತ್ತಿದ್ದ ದನಿ ಅದು. ಪೂರ್ತಿ ಓದಲು ಎಷ್ಟು ಹೊತ್ತಾಯಿತೋ, ಶೀರ್ ಖುರ್ಮಾ ಆರಿ ಹೋಗಿತ್ತು.

ಮುಂದಿನ ಕಾರ್ಡಿಗೆ ದಾಲ್‌ನ ಮೂಲೆಯಲ್ಲಿ ಹುರಿ ಬಾಗಿಸದೆ ಕತ್ತರಿಸಿ ಜೋಡಿಸುವುದೆಂದು ಅಂದುಕೊಂಡಿದ್ದೇನೆ. ಕನ್ನಡದ ಅಕ್ಷರಗಳಿಗೂ ಇದನ್ನು ಮಾಡಬಹುದು. 'ರ', 'ಗ', 'ಮ' ಒಂದೇ ಹುರಿಯಲ್ಲಿ ಚೆನ್ನಾಗಿ ಸುತ್ತುತ್ತವೆ. ಒತ್ತಕ್ಷರವಿಲ್ಲದ ಪದ ಆರಿಸಿಕೊಂಡರೆ ಬೆರಳಿಗೆ ಸುಲಭ. ಹುರಿ ಬೇಡವೆಂದರೆ ಬಟ್ಟೆಗೆ ಹಾಕುವ ತ್ರೀಡಿ ಔಟ್‌ಲೈನರ್ ಟ್ಯೂಬಿನಿಂದ ಬರೆದು ರಾತ್ರಿಯಿಡೀ ಒಣಗಲು ಬಿಡಿ.

ಕೊನೆಗೆ ಅಂಚೆ. ಕೈಗೆ ಕೊಡುವ ಕಾರ್ಡಿನಲ್ಲಿ ಸಾಸಿವೆ, ಮಣಿ ಏನಿದ್ದರೂ ನಡೆಯುತ್ತದೆ. ಅಂಚೆಗೆ ಹಾಕುವುದಾದರೆ ತೂಕ ನೋಡಬೇಕು, ಏಕೆಂದರೆ ಸಾದಾ ಕಾಗದಕ್ಕೆ ಮೊದಲ 20 ಗ್ರಾಂವರೆಗೆ ಒಂದು ದರ, ದಾಟಿದರೆ ಹೆಚ್ಚು. ತಕ್ಕಡಿ ಇಲ್ಲದೆಯೂ ಲೆಕ್ಕ ಹಾಕಬಹುದು. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 250 ಜಿ.ಎಸ್.ಎಂ.ನ ಅರ್ಧ ಎ4 ಸುಮಾರು 8 ಗ್ರಾಂ. ಹೊರಹಾಳೆ 4, ಕಮಾನು 1, ಕವರ್ 4-5. ಒಟ್ಟು 17-18. ಮೇಲೆ ರಿಬ್ಬನ್ ಕಟ್ಟಿದಿರೋ, 20 ದಾಟಿತು. ಕಾರ್ಡಿನ ಅಳತೆ 10.5 × 14.8 ಸೆಂ.ಮೀ. ಇರುವುದರಿಂದ 11.4 × 16.2 ಸೆಂ.ಮೀ.ನ ಕವರ್ ಸರಿಯಾಗಿ ಹಿಡಿಯುತ್ತದೆ. ಅಂಚೆಚೀಟಿಯ ಮೇಲೆ ತಾರೀಖಿನ ಮುದ್ರೆ ಜೋರಾಗಿ ಬೀಳುತ್ತದೆ, ಆ ಮೂಲೆಯ ಕೆಳಗೆ ಉಬ್ಬು ಅಲಂಕಾರ ಬೇಡ. ಪಿನ್ ಕೋಡ್ ಮರೆಯಬೇಡಿ: ಚಾಮರಾಜಪೇಟೆ 560018, ಬಸವನಗುಡಿ 560004, ಮಲ್ಲೇಶ್ವರ 560003. ಶಾರ್ಜಾ, ದುಬೈಗೆ ಕಳಿಸುವವರು ಮನೆ ವಿಳಾಸದ ಜೊತೆ ಪೋಸ್ಟ್ ಬಾಕ್ಸ್ ನಂಬರ್ ಕೇಳಿಕೊಳ್ಳಿ, ಅಲ್ಲಿ ಅಂಚೆ ಹೋಗುವುದು ಹೆಚ್ಚಾಗಿ ಅದಕ್ಕೇ. ಹೊರದೇಶಕ್ಕಾದರೆ ಹಬ್ಬಕ್ಕೆ ಮೂರು ವಾರ ಮುಂಚೆಯಾದರೂ ಹಾಕಿಬಿಡಿ.

ಈ ಶನಿವಾರ ಕೊನೆಯ ಪಿರಿಯಡ್ ಮುಗಿದ ಮೇಲೆ ಲೈಬ್ರರಿ ಪಕ್ಕದ ಕೊಠಡಿಯಲ್ಲಿ ಕೂತಿರುತ್ತೇನೆ. ಕಲಿಯಬೇಕೆನ್ನುವವರು ಒಂದು ಕತ್ತರಿ, ಮುಗಿದ ಬಾಲ್ ಪೆನ್ನು, ಮನೆಯಲ್ಲಿರುವ ಹಳೆಯ ಮದುವೆ ಕಾರ್ಡ್ ತನ್ನಿ. ಸ್ಕೇಲು, ಫೆವಿಕಾಲ್, ಸೆಣಬಿನ ಹುರಿ ನನ್ನ ಹತ್ತಿರ ಇದೆ. ಯಾರಿಗೆ ಕಾರ್ಡ್ ಮಾಡುತ್ತೀರಿ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಮೊದಲು ಅದನ್ನೇ ಕೇಳುತ್ತೇನೆ.